ಪರದೇಶವನ್ನು ತವರಾಗಿಸಿಕೊಂಡ ಗುರು: ವಂದನೀಯ ಮತ್ತೇಯೊ ರಿಚ್ಚಿ

ನಮ್ಮ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಯಾರನ್ನು ಆರಿಸಿಕೊಳ್ಳುವುದೆಂದು ನಾವು ಕೆಲವು ದಿನ ಯೋಚಿಸಿದೆವು. ಈ ಧರ್ಮಕೇಂದ್ರವನ್ನು ಕಟ್ಟಿದ ಮೊದಲ ಕುಟುಂಬಗಳು ಹುಟ್ಟಿದೂರನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿದವು. ಇಂದು ಅದೇ ಕುಟುಂಬಗಳ ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರಿಗೂ ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೊರಟುಹೋಗುತ್ತಿದ್ದಾರೆ. ಅವರು ಬಿಟ್ಟುಹೋದ ಮನೆಗಳಿಗೆ ಬೇರೆ ಊರುಗಳ ಹೊಸಬರು ಬರುತ್ತಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಯಾರೊಡನೆಯೂ ಮಾತನಾಡದೆ ಹೊರಟುಹೋಗುವ ಮುಖಗಳನ್ನು ನಾವು ಪೀಠದ ಬಳಿಯಿಂದ ಕಾಣುತ್ತೇವೆ. ಆ ಮುಖಗಳನ್ನು ನೆನೆದಾಗ ನಮಗೆ ಹೊಳೆದ ಹೆಸರು ಯೇಸುಸಭೆಯ ಗುರು ಮತ್ತೇಯೊ ರಿಚ್ಚಿಯವರದು.

ರಿಚ್ಚಿಯವರು 1552ರ ಅಕ್ಟೋಬರ್ 6ರಂದು ಇಟಲಿಯ ಮಾಚೆರಾತಾ ಎಂಬ ಬೆಟ್ಟದ ಮೇಲಿನ ಪಟ್ಟಣದಲ್ಲಿ ಜನಿಸಿದರು. ತಂದೆ ಜೊವಾನ್ನಿ ಬತ್ತಿಸ್ತಾ ಔಷಧ ವ್ಯಾಪಾರಿ. ಮಗ ನ್ಯಾಯಶಾಸ್ತ್ರ ಓದಿ ದೊಡ್ಡ ಹುದ್ದೆಗೇರಲೆಂಬ ಆಸೆಯಿಂದ 1568ರಲ್ಲಿ ಅವನನ್ನು ರೋಮಿಗೆ ಕಳುಹಿಸಿದರು. ಮಗನಾದರೋ 1571ರಲ್ಲಿ ಯೇಸುಸಭೆಯನ್ನು ಸೇರಿದ. ಸುದ್ದಿ ತಿಳಿದ ತಂದೆ ಅವನನ್ನು ಬಿಡಿಸಿ ತರಲು ರೋಮಿಗೆ ಹೊರಟರಂತೆ. ಆದರೆ ದಾರಿಯಲ್ಲಿ ತೊಲೆಂತೀನೊ ಎಂಬಲ್ಲಿ ಜ್ವರ ಬಂದು ಮಲಗಬೇಕಾಯಿತು. ಅದನ್ನೇ ದೈವಚಿತ್ತವೆಂದು ತಿಳಿದು ಅವರು ಹಿಂದಿರುಗಿದರೆಂದು ಚರಿತ್ರಕಾರರು ಬರೆದಿದ್ದಾರೆ.

ರೋಮಿನ ವಿದ್ಯಾಲಯದಲ್ಲಿ ಪ್ರಸಿದ್ಧ ಗಣಿತಜ್ಞರಾದ ಕ್ಲಾವಿಯುಸ್ ಗುರುಗಳ ಬಳಿ ರಿಚ್ಚಿಯವರು ಗಣಿತ ಮತ್ತು ಖಗೋಳಶಾಸ್ತ್ರಗಳನ್ನು ಕಲಿತರು. 1578ರ ಮಾರ್ಚ್ ತಿಂಗಳಲ್ಲಿ ಲಿಸ್ಬನ್ನಿನಲ್ಲಿ ಹಡಗು ಹತ್ತಿ, ಸುಮಾರು ಆರು ತಿಂಗಳ ಪ್ರಯಾಣದ ಬಳಿಕ ಸೆಪ್ಟೆಂಬರಿನಲ್ಲಿ ಗೋವೆಗೆ ಬಂದಿಳಿದರು. ಆಗ ಅವರಿಗೆ 25 ವರ್ಷ. ಮತ್ತೆಂದೂ ಅವರು ತವರನ್ನು ಕಾಣಲಿಲ್ಲ. ಚೀನಾದೇಶದ ಬಾಗಿಲಲ್ಲೇ, ಒಂದು ದ್ವೀಪದಲ್ಲಿ, ಸಂತ ಫ್ರಾನ್ಸಿಸ್ ಝೇವಿಯರರು ಪ್ರಾಣಬಿಟ್ಟದ್ದು ರಿಚ್ಚಿಯವರು ಹುಟ್ಟಿದ 1552ರಲ್ಲಿಯೇ. ಆ ಸಂತರ ಪಾರ್ಥಿವ ಶರೀರವಿದ್ದ ಗೋವೆಯಲ್ಲಿ ಈ ಯುವಕ ಚೀನಾದ ಕರೆಗಾಗಿ ಕಾಯಬೇಕಾಯಿತು.

ಗೋವೆಯಲ್ಲಿಯೂ ಕೊಚ್ಚಿಯಲ್ಲಿಯೂ ಅವರು ವ್ಯಾಕರಣ ಪಾಠ ಹೇಳಿದರು. 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು. ಸಂತೋಷದ ಆ ವರ್ಷದಲ್ಲಿಯೇ ಅವರ ಮನಸ್ಸನ್ನು ವಿಷಾದ ಆವರಿಸಿತ್ತೆಂಬುದು ಅವರ ಕಾಗದಗಳಿಂದ ತಿಳಿಯುತ್ತದೆ. ರೋಮಿನಲ್ಲಿದ್ದ ತಮ್ಮ ಹಿರಿಯರೊಬ್ಬರಿಗೆ ಬರೆಯುತ್ತಾ, ಹೆತ್ತವರಿಂದ ದೂರವಾದ ನೋವಿಗಿಂತಲೂ ವಿದ್ಯಾಲಯದಲ್ಲಿ ಒಡನಾಡಿದ ಆತ್ಮೀಯರಿಂದ ದೂರವಾದ ನೋವೇ ಹೆಚ್ಚಾಗಿದೆಯೆಂದು ಮರೆಮಾಚದೆ ತಿಳಿಸಿದರು. ದೇವರ ಕರೆಗೆ ಓಗೊಟ್ಟವನಿಗೆ ಊರ ಹಂಬಲ ಬಾಧಿಸದೆಂದು ಭಾವಿಸುವವರು ಇದನ್ನು ಗಮನಿಸಬೇಕು. ಚಿಕ್ಕಂದಿನಲ್ಲಿ ಗುರುಮಠ ಸೇರಿದ ಮೊದಲ ರಾತ್ರಿಗಳಲ್ಲಿ ನಾವೂ ಹೊದಿಕೆಯನ್ನು ಮುಖಕ್ಕೆಳೆದುಕೊಂಡು ಅತ್ತಿದ್ದೇವೆ. ಅದು ಭಕ್ತಿಯ ಕೊರತೆಯೆಂದು ಅಂದು ನಾಚಿಕೊಂಡಿದ್ದೆವು. ಪ್ರೀತಿಸಬಲ್ಲ ಹೃದಯಕ್ಕೆ ಅದು ಸಹಜವೆಂದು ರಿಚ್ಚಿಯವರ ಚರಿತ್ರೆಯನ್ನು ಓದಿದ ಮೇಲೆ ತಿಳಿಯಿತು.

ಈ ವಿಷಾದದ ನಡುವೆಯೂ ಅವರ ಕಣ್ಣು ಇತರರ ನೋವನ್ನು ಕಾಣದೆ ಹೋಗಲಿಲ್ಲ. ಗೋವೆಯ ವಿದ್ಯಾಲಯದಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ತತ್ತ್ವಶಾಸ್ತ್ರದಂತಹ ಉನ್ನತ ವ್ಯಾಸಂಗವನ್ನು ನಿಷೇಧಿಸುವ ನಿರ್ಧಾರವಾದಾಗ, 1581ರಲ್ಲಿ ಅವರು ಯೇಸುಸಭೆಯ ಮಹಾಶ್ರೇಷ್ಠರಿಗೆ ನೇರವಾಗಿ ಬರೆದು ಅದನ್ನು ವಿರೋಧಿಸಿದರು. ವಿದ್ಯೆಯಿಂದ ಈ ದೇಶದವರಿಗೆ ಅಹಂಕಾರ ಬರುವುದೆಂಬ ವಾದವನ್ನು ಅವರು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಒಬ್ಬ ಪರದೇಶೀ ಗುರು ನಮ್ಮವರ ಪರವಾಗಿ ಆಡಿದ ಆ ಮಾತನ್ನು ಭಾರತದ ಗುರುಗಳಾದ ನಾವು ಮರೆಯಲಾಗದು.

1582ರಲ್ಲಿ ಮೇಲಧಿಕಾರಿಗಳಾದ ವಾಲಿನ್ಯಾನೊ ಅವರ ಆಜ್ಞೆಯಂತೆ ರಿಚ್ಚಿಯವರು ಮಕಾವ್‌ಗೆ ತೆರಳಿ ಚೀನೀ ಭಾಷೆಯನ್ನು ಕಲಿಯಲಾರಂಭಿಸಿದರು. ಸಾವಿರಾರು ಅಕ್ಷರಗಳ ಆ ಲಿಪಿಯನ್ನು ವಯಸ್ಕನೊಬ್ಬ ಕಲಿಯುವುದು ಸುಲಭವಲ್ಲ. 1583ರ ಸೆಪ್ಟೆಂಬರಿನಲ್ಲಿ ಅವರೂ ಹಿರಿಯ ಸಂಗಾತಿ ಮಿಕೆಲೆ ರುಜ್ಜೇರಿಯವರೂ ದಕ್ಷಿಣ ಚೀನಾದ ಝಾವೋಚಿಂಗ್ ನಗರದಲ್ಲಿ ನೆಲೆಸಲು ಅನುಮತಿ ಪಡೆದರು. ತಲೆ ಬೋಳಿಸಿಕೊಂಡು ಬೌದ್ಧ ಭಿಕ್ಷುಗಳ ಉಡುಪನ್ನು ಧರಿಸಿದರು. ಆದರೂ ಜನರ ಕಣ್ಣಿಗೆ ಅವರು ಸಂಶಯಾಸ್ಪದ ಹೊರಗಿನವರೇ. ಪಕ್ಕದ ಗೋಪುರದಿಂದ ಅವರ ಮನೆಯ ಮೇಲೆ ಕಲ್ಲುಗಳು ಬೀಳುತ್ತಿದ್ದವು. ಒಮ್ಮೆ ಕಲ್ಲೆಸೆದ ಹುಡುಗನನ್ನು ಸೇವಕರು ಹಿಡಿದು ತಂದಾಗ, ಪಾದ್ರಿಗಳು ಮಗುವನ್ನು ಕದ್ದು ಮಾರಲು ಹವಣಿಸಿದರೆಂಬ ಸುಳ್ಳು ದೂರು ನ್ಯಾಯಸ್ಥಾನಕ್ಕೆ ಹೋಯಿತು. ವಿಚಾರಣೆಯಲ್ಲಿ ಸತ್ಯ ಹೊರಬಿದ್ದು ದೂರುದಾರನಿಗೆ ಕಠಿಣ ಪ್ರಹಾರದ ಶಿಕ್ಷೆಯಾದಾಗ, ಅವನನ್ನು ಕ್ಷಮಿಸಬೇಕೆಂದು ರಿಚ್ಚಿಯವರೇ ಬೇಡಿಕೊಂಡರು.

1589ರಲ್ಲಿ ಹೊಸ ಅಧಿಕಾರಿಯೊಬ್ಬನು ಅವರನ್ನು ಆ ನಗರದಿಂದ ಹೊರಡಿಸಿದನು. ಶಾವೋಝೌ ಎಂಬಲ್ಲಿ ಮತ್ತೆ ಮೊದಲಿನಿಂದ ಆರಂಭ. ಅಲ್ಲಿಯ ವರ್ಷಗಳು ಅವರ ಬಾಳಿನ ಕತ್ತಲೆಯ ಕಾಲ. ಜೊತೆಗಿದ್ದ ಗುರು ಅಲ್ಮೇಯ್ದಾ 1591ರಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಗುರು ಪೆತ್ರಿಸ್ 1593ರಲ್ಲಿ ತೀರಿಕೊಂಡರು. 1592ರಲ್ಲಿ ರಾತ್ರಿ ಮನೆಗೆ ನುಗ್ಗಿದವರಿಂದ ತಪ್ಪಿಸಿಕೊಳ್ಳಲು ಕಿಟಕಿಯಿಂದ ಹಾರಿದಾಗ ಕಾಲು ಉಳುಕಿ, ಆ ಕುಂಟು ಕೊನೆಯವರೆಗೂ ಉಳಿಯಿತು. ಊರಿನಿಂದ ಕಾಗದ ಬರಲು ವರ್ಷಗಳೇ ಹಿಡಿಯುತ್ತಿದ್ದವು. ತಾವು ಬರೆದ ದೀರ್ಘ ಪತ್ರಗಳು ತಲಪುವ ಹೊತ್ತಿಗೆ ಅವನ್ನು ಓದಬೇಕಾದವರೇ ಸತ್ತಿರುತ್ತಿದ್ದರೆಂದು ತಿಳಿದಾಗ, ಮುಂದೆ ಬರೆಯುವ ಚೈತನ್ಯವೇ ಉಡುಗಿಹೋಗುತ್ತದೆಂದು ಅವರು ಹೇಳಿಕೊಂಡಿದ್ದಾರೆ. ಪರದೇಶದಲ್ಲಿದ್ದು ಮನೆಯಿಂದ ಸಾವಿನ ಸುದ್ದಿಯನ್ನು ತಡವಾಗಿ ಕೇಳಿದ ನಮ್ಮ ಧರ್ಮಕೇಂದ್ರದವರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ.

ಆ ಕತ್ತಲೆಯಲ್ಲಿ ಒಬ್ಬ ಸ್ನೇಹಿತ ದೊರೆತನು. ಅವನ ಹೆಸರು ಚೂ ತೈಸು. ಉನ್ನತ ಅಧಿಕಾರಿಯೊಬ್ಬನ ಮಗ, ಪಿತ್ರಾರ್ಜಿತವನ್ನು ಹಾಳುಮಾಡಿಕೊಂಡವನು. ಪಾದರಸವನ್ನು ಬೆಳ್ಳಿಯಾಗಿಸುವ ವಿದ್ಯೆ ಈ ಪರದೇಶಿಯ ಬಳಿ ಇದೆಯೆಂದು ನಂಬಿ ಅವನು ಬಂದನು. ರಿಚ್ಚಿಯವರು ಅವನನ್ನು ಹಾಸ್ಯಮಾಡಿ ಅಟ್ಟಲಿಲ್ಲ. ಎದುರಿಗೆ ಕುಳ್ಳಿರಿಸಿಕೊಂಡು ಗಣಿತವನ್ನೂ ಜ್ಯಾಮಿತಿಯನ್ನೂ ಕಲಿಸಿದರು. ಬೆಳ್ಳಿಗಾಗಿ ಬಂದವನು ಶಿಷ್ಯನಾಗಿ, ಶಿಷ್ಯನಾದವನು ಗೆಳೆಯನಾದನು. ಈ ದೇಶದಲ್ಲಿ ಗೌರವವಿರುವುದು ವಿದ್ವಾಂಸರಿಗೆ, ಆದ್ದರಿಂದ ಭಿಕ್ಷುಗಳ ಉಡುಪನ್ನು ಬಿಟ್ಟು ವಿದ್ವಾಂಸರ ಉಡುಪನ್ನು ಧರಿಸಬೇಕೆಂದು ಸಲಹೆ ನೀಡಿದವನು ಅವನೇ. ಹನ್ನೆರಡು ವರ್ಷ ಚೀನಾದಲ್ಲಿ ಕಳೆದಿದ್ದ ರಿಚ್ಚಿಯವರು ಆ ಸಲಹೆಯನ್ನು ಸ್ವೀಕರಿಸಿ, ಮೇಲಧಿಕಾರಿಗಳ ಅನುಮತಿಯೊಡನೆ 1595ರಲ್ಲಿ ರೇಷ್ಮೆಯ ನಿಲುವಂಗಿ ಧರಿಸಿದರು. ಹೊಸ ಊರಿನಲ್ಲಿ ಮೊದಲ ಸ್ನೇಹಿತನು ನಾವು ಹುಡುಕಿಕೊಂಡು ಹೋದ ಸಜ್ಜನನೇ ಆಗಿರಬೇಕೆಂದಿಲ್ಲ. ತಪ್ಪು ಕಾರಣಕ್ಕಾಗಿ ನಮ್ಮ ಬಾಗಿಲು ತಟ್ಟಿದವನೂ ಆಗಬಹುದು.

ಅದೇ 1595ರಲ್ಲಿ ಉತ್ತರದ ಕಡೆಗೆ ಹೊರಟಾಗ ನದಿಯಲ್ಲಿ ದೋಣಿ ಮಗುಚಿ ಜೊತೆಗಿದ್ದ ಯುವಕನೊಬ್ಬನು ಮುಳುಗಿದನು. ರಿಚ್ಚಿಯವರು ಕೂದಲೆಳೆಯಷ್ಟರಲ್ಲಿ ಪಾರಾದರು. ನಾನ್‌ಜಿಂಗ್ ನಗರದಲ್ಲಿ ಅವರಿಗೆ ನಿಲ್ಲಲು ಎಡೆಗೊಡಲಿಲ್ಲ. ಸೋತ ಮನಸ್ಸಿನಿಂದ ಹಿಂದಿರುಗಿ ನಾನ್‌ಚಾಂಗ್ ನಗರದಲ್ಲಿ ಇಳಿದರು. ಅಲ್ಲಿ ಅವರ ಅದ್ಭುತ ಜ್ಞಾಪಕಶಕ್ತಿಯನ್ನು ಕಂಡು ವಿದ್ವಾಂಸರು ಬೆರಗಾದರು. ನೂರಾರು ಚೀನೀ ಅಕ್ಷರಗಳನ್ನು ಒಮ್ಮೆ ಓದಿ, ಮೊದಲಿನಿಂದ ಕೊನೆಗೂ ಕೊನೆಯಿಂದ ಮೊದಲಿಗೂ ಅವರು ಒಪ್ಪಿಸಬಲ್ಲವರಾಗಿದ್ದರು. ರಾಜವಂಶದ ಜಿಯಾನ್‌ಆನ್ ರಾಜಕುಮಾರನು ಅವರನ್ನು ಅರಮನೆಗೆ ಕರೆಸಿ ಸತ್ಕರಿಸಿದನು. ಅವನಿಗಾಗಿ ರಿಚ್ಚಿಯವರು ಚೀನೀ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ರಚಿಸಿದರು. ಅದರ ವಿಷಯ ಧರ್ಮಸಿದ್ಧಾಂತವಲ್ಲ, ಸ್ನೇಹ. ಪಾಶ್ಚಾತ್ಯ ಪ್ರಾಚೀನರು ಸ್ನೇಹದ ಬಗ್ಗೆ ಹೇಳಿದ ನುಡಿಗಳ ಸಂಗ್ರಹ ಅದು; ಕಾಲಕ್ರಮದಲ್ಲಿ ಆ ನುಡಿಗಳು ನೂರಾದವು. ಕನ್‌ಫ್ಯೂಷಿಯಸನ ಪರಂಪರೆಯಲ್ಲಿಯೂ ಸ್ನೇಹವು ಮನುಷ್ಯರ ಐದು ಮುಖ್ಯ ಸಂಬಂಧಗಳಲ್ಲೊಂದು. ಆದ್ದರಿಂದ ಚೀನಾದ ವಿದ್ವಾಂಸರು ಅದನ್ನು ತಮ್ಮದೇ ಪುಸ್ತಕವೆಂಬಂತೆ ಓದಿದರು. ಹದಿನೈದು ವರ್ಷಗಳ ಹಿಂದೆ ಗೆಳೆಯರಿಲ್ಲವೆಂದು ಕೊಚ್ಚಿಯಲ್ಲಿ ಕೊರಗಿದವರು ಇವರೇ ಎಂಬುದನ್ನು ವಾಚಕರು ನೆನೆಯಬೇಕು.

1601ರ ಜನವರಿ 24ರಂದು ರಿಚ್ಚಿಯವರು ಬೀಜಿಂಗನ್ನು ಪ್ರವೇಶಿಸಿದರು. ಕಾಣಿಕೆಯಾಗಿ ತಂದ, ತಾನಾಗಿ ಗಂಟೆ ಬಾರಿಸುವ ಗಡಿಯಾರಗಳು ವಾನ್‌ಲಿ ಚಕ್ರವರ್ತಿಗೆ ಬಹಳ ಮೆಚ್ಚಿಗೆಯಾದವು. ಆದರೂ ಚಕ್ರವರ್ತಿ ಅವರಿಗೆ ಎಂದೂ ದರ್ಶನ ಕೊಡಲಿಲ್ಲ. ಅವರು ವಂದಿಸಿದ್ದು ಬರಿದಾದ ಸಿಂಹಾಸನಕ್ಕೆ. ಅರಮನೆ ನೀಡದಿದ್ದ ಆತ್ಮೀಯತೆಯನ್ನು ರಾಜಧಾನಿಯ ವಿದ್ವಾಂಸರು ನೀಡಿದರು. ಲಿ ಝಿಜಾವೋ ಅವರ ನೆರವಿನಿಂದ 1602ರಲ್ಲಿ ದೊಡ್ಡ ಭೂಪಟವೊಂದು ಅಚ್ಚಾಯಿತು. 1603ರಲ್ಲಿ ದೀಕ್ಷಾಸ್ನಾನ ಪಡೆದ ಶೂ ಗ್ವಾಂಗ್‌ಚಿ ಅವರೊಡನೆ ಕುಳಿತು ಯೂಕ್ಲಿಡನ ಜ್ಯಾಮಿತಿಯ ಮೊದಲ ಆರು ಭಾಗಗಳನ್ನು ಭಾಷಾಂತರಿಸಿ 1607ರಲ್ಲಿ ಪ್ರಕಟಿಸಿದರು. ಒಬ್ಬರು ಅರ್ಥ ಹೇಳುವರು, ಮತ್ತೊಬ್ಬರು ಶುದ್ಧ ಚೀನೀ ಭಾಷೆಯಲ್ಲಿ ಬರೆಯುವರು. ಹೀಗೆ ಜೊತೆಗೂಡಿ ದುಡಿದ ಸ್ನೇಹ ಬಲವಾಗುತ್ತದೆ.

ಇದೆಲ್ಲ ಸುಲಭವಾಗಿ ಆಗಲಿಲ್ಲ. ಹೆಚ್ಚು ವಯಸ್ಸಾಗದಿದ್ದರೂ ಅವರ ಕೂದಲೆಲ್ಲ ನರೆತಿತ್ತು. ಚೀನೀಯರು ಅದಕ್ಕೆ ಅಚ್ಚರಿಪಡುತ್ತಾರೆ, ತಾವೇ ಅದಕ್ಕೆ ಕಾರಣರೆಂದು ಅರಿಯರು ಎಂದು ಊರಿನ ಗೆಳೆಯನಿಗೆ ವಿನೋದವಾಗಿ ಬರೆದಿದ್ದರು. ಅವರು ದೋಷರಹಿತರೂ ಆಗಿರಲಿಲ್ಲ. ಕನ್‌ಫ್ಯೂಷಿಯಸನ ಅನುಯಾಯಿಗಳಿಗೆ ತೋರಿದ ಸಹಾನುಭೂತಿಯನ್ನು ಅವರು ಬೌದ್ಧರಿಗೆ ತೋರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಚೀನೀಯರು ಪಿತೃಗಳಿಗೆ ಸಲ್ಲಿಸುವ ಗೌರವವನ್ನು ಅವರು ಅರ್ಥಮಾಡಿಕೊಂಡ ರೀತಿಯನ್ನು ಅವರ ನಂತರ ಧರ್ಮಸಭೆಯಲ್ಲಿ ಅನೇಕರು ಪ್ರಶ್ನಿಸಿದರು. 1742ರಲ್ಲಿ ಅಂತಿಮವಾಗಿ ನಿಷೇಧಿಸಲಾದ ಆ ಆಚರಣೆಗಳಿಗೆ 1939ರಲ್ಲಿ ಮತ್ತೆ ಅವಕಾಶ ದೊರೆಯಿತು.

1610ರಲ್ಲಿ ಲಿ ಝಿಜಾವೋ ಬೀಜಿಂಗಿನಲ್ಲಿ ಕಾಯಿಲೆಯಿಂದ ಸಾವಿನಂಚಿಗೆ ಹೋದರು. ಅವರ ಊರು ದೂರದ ಹಾಂಗ್‌ಝೌ; ಹತ್ತಿರ ಮನೆಯವರು ಯಾರೂ ಇರಲಿಲ್ಲ. ರಿಚ್ಚಿಯವರೇ ಅವರ ಶುಶ್ರೂಷೆ ಮಾಡಿದರು. ಆ ಹಾಸಿಗೆಯಲ್ಲೇ ಅವರು ದೀಕ್ಷಾಸ್ನಾನ ಪಡೆದರು, ಅನಂತರ ಗುಣಮುಖರೂ ಆದರು. ತವರಿನಿಂದ ಬಹುದೂರದಲ್ಲಿ ಬಾಳಿದ ಪರದೇಶಿಯೇ, ಸ್ವದೇಶದಲ್ಲಿದ್ದೂ ಒಂಟಿಯಾಗಿ ಬಿದ್ದವನಿಗೆ ಮನೆಯವನಾದನು. ಕೆಲವೇ ವಾರಗಳಲ್ಲಿ ದಣಿದ ರಿಚ್ಚಿಯವರು ತಾವೇ ಹಾಸಿಗೆ ಹಿಡಿದು, ಮೇ 11ರಂದು 57ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಪರದೇಶೀಯರನ್ನು ರಾಜಧಾನಿಯಲ್ಲಿ ಹೂಳುವ ವಾಡಿಕೆ ಇರಲಿಲ್ಲ. ಆದರೆ ಸಂಗಾತಿ ಗುರುಗಳ ಬಿನ್ನಹಕ್ಕೆ ಚೀನೀ ಮಿತ್ರರ ಬೆಂಬಲ ದೊರೆತು, ಚಕ್ರವರ್ತಿಯೇ ಸಮಾಧಿಗೆ ಭೂಮಿ ದಯಪಾಲಿಸಿದನು. ಬೀಜಿಂಗಿನಲ್ಲಿ ಆ ಸಮಾಧಿ ಇಂದಿಗೂ ಇದೆ. 2022ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ರಿಚ್ಚಿಯವರ ಸದ್ಗುಣಗಳನ್ನು ಮನ್ನಿಸಿ, ಅವರನ್ನು ವಂದನೀಯರೆಂದು ಕರೆಯಲು ಅನುಮತಿಯಿತ್ತರು.

ಪ್ರಿಯ ವಾಚಕರೇ, ಊರ ಹಂಬಲವನ್ನು ಒಂದೇ ದಿನದಲ್ಲಿ ಕಿತ್ತೆಸೆಯುವ ಉಪಾಯವನ್ನು ರಿಚ್ಚಿಯವರು ಕಂಡುಕೊಂಡಿರಲಿಲ್ಲ. ಬಂದ ನಾಡಿನ ಭಾಷೆ ಕಲಿತರು, ಕಲ್ಲೆಸೆದವನನ್ನು ಕ್ಷಮಿಸಿದರು, ಬಾಗಿಲಿಗೆ ಬಂದವನನ್ನು ಕುಳ್ಳಿರಿಸಿದರು, ಬಲ್ಲದ್ದನ್ನು ಕೊಟ್ಟು ಅರಿಯದ್ದನ್ನು ಕೇಳಿ ಪಡೆದರು. ಹಂಬಲ ಉಳಿದೇ ಇತ್ತು. ಅದರ ಪಕ್ಕದಲ್ಲಿ ಸ್ನೇಹ ಬೆಳೆಯಿತು. ಊರು ಬಿಟ್ಟು ದೂರವಿರುವ ನಮ್ಮ ಮಕ್ಕಳು ಇದನ್ನು ಓದಿ ಧೈರ್ಯ ತಾಳಲಿ. ಇಲ್ಲಿಯೇ ಇರುವ ನಮಗಾದರೋ ಬೇರೊಂದು ಕರ್ತವ್ಯವಿದೆ. ಚೂ ತೈಸುವಿನಂತಹ ಒಬ್ಬನು ಬಾಗಿಲು ತಟ್ಟದಿದ್ದರೆ ರಿಚ್ಚಿಯವರ ಕಥೆ ಶಾವೋಝೌನಲ್ಲೇ ಮುಗಿಯಬಹುದಾಗಿತ್ತು. ಮುಂದಿನ ಭಾನುವಾರ ಬಲಿಪೂಜೆ ಮುಗಿದೊಡನೆ ನಾವು ಕೊನೆಯ ಸಾಲಿನವರ ಬಳಿಗೆ ಹೋಗಿ, ಅವರ ಹೆಸರನ್ನೂ ಊರನ್ನೂ ಕೇಳೋಣ. ಈ ದೇವಾಲಯದ ಎರಡನೆಯ ಶತಮಾನ ಹಾಗೆ ಆರಂಭವಾಗಲೆಂದು ಪ್ರಭು ಯೇಸುಕ್ರಿಸ್ತರಲ್ಲಿ ನಮ್ಮ ಪ್ರಾರ್ಥನೆ.