ಮುಡಿಪು ಬೆಟ್ಟದ ಸಂತ ಜೋಸೆಫ್ ವಾಜ್



 ನಿಮ್ಮಲ್ಲಿ ಮಂಗಳೂರು ಸೀಮೆಯವರಿದ್ದೀರಿ, ಬೆಂಗಳೂರಿನ ಚಾಮರಾಜಪೇಟೆ, ಮಲ್ಲೇಶ್ವರದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬಂದವರೂ ಇರಬಹುದು. ಒಬ್ಬೊಬ್ಬರದು ಒಂದೊಂದು ಕಷ್ಟ. ಎಷ್ಟು ಪ್ರಾರ್ಥಿಸಿದರೂ ದೇವರು ಕಿವಿಗೊಡಲಿಲ್ಲ ಎಂದು ಮನಸ್ಸು ಸೋತವರೂ ಇರುತ್ತೀರಿ. ಅಂಥವರು ಈ ಸಂತರ ಚರಿತ್ರೆಯನ್ನು ಸಾವಧಾನವಾಗಿ ಓದಿ. ಇವರ ಬಾಳಿನಲ್ಲಿ ಎದೆಗುಂದಿಸುವ ಸಂಗತಿಗಳಿಗೇನೂ ಕೊರತೆ ಇರಲಿಲ್ಲ.

ಹುಟ್ಟು ಮತ್ತು ಗುರುದೀಕ್ಷೆ

ಜೋಸೆಫ್ ವಾಜ್ ಅವರು 1651ನೇ ಇಸವಿ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿ ಎಂಬ ಊರಿನಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದರು. ಗುರುಗಳಾದ ಮೇಲೆ ಬಡವರ ಹಾಗೆ ಬರಿಗಾಲಲ್ಲೇ ನಡೆಯತೊಡಗಿದರು. ಮರುವರ್ಷ ಆಗಸ್ಟ್ 5ರಂದು ತಾನು ದೇವಮಾತೆಯ ದಾಸನೆಂದು ಪತ್ರ ಬರೆದು ತಮ್ಮನ್ನೇ ಅರ್ಪಿಸಿಕೊಂಡರು.

ಕೇಳಿದ್ದು ಲಂಕೆ, ಸಿಕ್ಕಿದ್ದು ಕೆನರಾ

ಆ ಕಾಲಕ್ಕೆ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಅವರು 1658ರಲ್ಲಿ ಜಾಫ್ನಾವನ್ನು ಗೆದ್ದ ಮೇಲೆ ಕಥೋಲಿಕ ಗುರುಗಳನ್ನು ಹೊರಗಟ್ಟಿದರು. ಗುರುಗಳಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದರು. ಅಲ್ಲಿನ ಕ್ರೈಸ್ತರಿಗೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಈ ಸುದ್ದಿ ಕೇಳಿ ವಾಜ್ ಗುರುಗಳ ಕರುಳು ಚುರ್ ಎಂದಿತು. ತನ್ನನ್ನು ಅಲ್ಲಿಗೆ ಕಳಿಸಿ ಎಂದು ಮೇಲಿನವರನ್ನು ಬೇಡಿಕೊಂಡರು. ಅವರು ಒಪ್ಪಲಿಲ್ಲ. ಬದಲಿಗೆ 1681ರಲ್ಲಿ ಕೆನರಾಕ್ಕೆ ಕಳಿಸಿದರು.

ಆಗ ಕೆನರಾದಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಇಲ್ಲಿನ ಧರ್ಮಸಭೆಯಲ್ಲಿ ಯಾರ ಮಾತು ನಡೆಯಬೇಕು, ಗೋವೆಯವರದೋ ರೋಮ್ ನೇಮಿಸಿದ ಬಿಷಪರದೋ ಎಂಬ ಜಗಳ ಹೊತ್ತಿ ಉರಿಯುತ್ತಿತ್ತು. ಗುರಿಕಾರರೇ ಕಚ್ಚಾಡಿದರೆ ಮಂದೆಯ ಪಾಡೇನು? ವಾಜ್ ಗುರುಗಳು ಯಾರ ಮೇಲೂ ಹಗೆ ಸಾಧಿಸಲಿಲ್ಲ. ಎರಡೂ ಕಡೆಯವರ ನಡುವೆ ಸಮಾಧಾನಕ್ಕೆ ಶ್ರಮಿಸುತ್ತಲೇ ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಯ ಕಡೆಗೆಲ್ಲಾ ಕಾಲ್ನಡಿಗೆಯಲ್ಲಿ ತಿರುಗಿದರು. ಕೆಟ್ಟುಹೋಗಿದ್ದ ಚರ್ಚುಗಳನ್ನು ಎಬ್ಬಿಸಿದರು, ಶಾಲೆ ತೆರೆದರು, ಗುಲಾಮರಾಗಿ ಬಿದ್ದಿದ್ದವರನ್ನು ಹಣ ತೆತ್ತು ಬಿಡಿಸಿದರು.

ಈ ಬೆಟ್ಟದ ಐತಿಹ್ಯವೂ ಆ ದಿನಗಳದ್ದೇ. ರೋಗಿಯೊಬ್ಬನಿದ್ದಾನೆ ಬನ್ನಿ ಎಂದು ಸುಳ್ಳು ಹೇಳಿ, ಕೊಲ್ಲುವ ಉದ್ದೇಶದಿಂದ ಕೆಲವರು ಅವರನ್ನು ರಾತ್ರಿ ಹೊತ್ತು ಇಲ್ಲಿಗೆ ಕರೆತಂದರಂತೆ. ಮೋಸ ತಿಳಿದಾಗ ಗುರುಗಳು ಓಡಲಿಲ್ಲ, ಮೊಣಕಾಲೂರಿ ಪ್ರಾರ್ಥಿಸಿದರು. ಊರುಗೋಲು ತಾಗಿದ ಕಡೆ ಮೂರು ಒರತೆ ಚಿಮ್ಮಿದವು, ಬೆಳಕು ಹರಡಿತು, ಬಂದವರು ಹೆದರಿ ಓಡಿದರು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ನೀವು ಭಕ್ತಿಯಿಂದ ತೆಗೆದುಕೊಂಡು ಹೋಗುವ ನೀರು ಆ ಒರತೆಗಳದ್ದೇ.

ಒಂದು ಮಾತು ಯೋಚಿಸಿ ನೋಡಿ. ಅವರ ಕೋರಿಕೆ ಅಂದೇ ಈಡೇರಿದ್ದರೆ ಕೆನರಾದ ಜನಕ್ಕೆ ಈ ಗುರುಗಳು ಸಿಗುತ್ತಿರಲಿಲ್ಲ. ಅವರಿಗೆ ನಿರಾಸೆಯಾದದ್ದು ನಮಗೆ ವರವಾಯಿತು.

ಕೊರಳಲ್ಲಿ ಜಪಮಾಲೆ

1684ರಲ್ಲಿ ಗೋವೆಗೆ ಮರಳಿದರು. ಅಲ್ಲಿ ಗುರುಗಳ ಒಂದು ಕೂಟ ಸೇರಿ ಅದರ ಮುಖ್ಯಸ್ಥರಾದರು. ಲಂಕೆಯ ಚಿಂತೆ ಮಾತ್ರ ಬಿಡಲಿಲ್ಲ. ಕಡೆಗೂ ಅಪ್ಪಣೆ ಸಿಕ್ಕಿತು. 1687ರಲ್ಲಿ ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸಂಗಡಿಗನೊಂದಿಗೆ ಹಡಗು ಹತ್ತಿದರು. ದಾರಿಯಲ್ಲೇ ಆಮಶಂಕೆ ಹಿಡಿದು ಜೀವ ಹೋಗುವಂತಾಯಿತು.

ಜಾಫ್ನಾ ತಲುಪಿದರೂ ಯಾರು ಕ್ರೈಸ್ತರು, ಯಾರನ್ನು ನಂಬುವುದು? ಕೇಳುವ ಹಾಗಿಲ್ಲ, ಕೇಳಿದರೆ ಹೇಳುವವರೂ ಇಲ್ಲ. ಗುರುಗಳು ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಜಪಮಾಲೆ ಕಂಡು ಯಾರ ಕಣ್ಣು ಅರಳುತ್ತದೋ ಅವರು ನಮ್ಮವರು! ಹೀಗೆ ಒಂದೊಂದೇ ಮನೆ ಗೊತ್ತಾಯಿತು. ಸುಮಾರು ಮೂವತ್ತು ವರ್ಷ ಗುರುಗಳ ಮುಖ ಕಾಣದಿದ್ದರೂ ಆ ಮನೆಗಳಲ್ಲಿ ವಿಶ್ವಾಸ ಆರಿರಲಿಲ್ಲ. ಸಿಲ್ಲಾಲೈ ಎಂಬ ಹಳ್ಳಿಯವರು ಅವರಿಗೆ ಆಸರೆ ಕೊಟ್ಟರು. ಹಗಲು ಅಡಗಿದ್ದು ರಾತ್ರಿ ಬಲಿಪೂಜೆ ಅರ್ಪಿಸುತ್ತಿದ್ದರು.

ಸೆರೆಮನೆಯಿಂದ ಸೇವೆಗೆ

1692ರಲ್ಲಿ ಒಳನಾಡಿನ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರ ಎಂಬ ಆಪಾದನೆ ಹೊರಿಸಿ ಸೆರೆಯಲ್ಲಿಟ್ಟರು. ಅಲ್ಲೂ ಸುಮ್ಮನೆ ಕೂರಲಿಲ್ಲ, ಸಿಂಹಳ ಭಾಷೆ ಕಲಿತರು. ಸೆರೆಯಲ್ಲೇ ಒಂದು ಗುಡಿಸಲು ಕಟ್ಟಿ ಅದನ್ನೇ ಪೂಜಾಸ್ಥಳ ಮಾಡಿಕೊಂಡರು. 1693ರಲ್ಲಿ ಬರ ಬಂದು ನಾಡು ಕಂಗೆಟ್ಟಾಗ ರಾಜ ಎರಡನೇ ವಿಮಲಧರ್ಮಸೂರ್ಯ ಇವರಿಂದಲೂ ಪ್ರಾರ್ಥನೆ ಮಾಡಿಸಿದನು. ಬಯಲಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದು ಹೇಳುತ್ತಾರೆ. ಬೌದ್ಧನಾದ ಆ ರಾಜನೇ ಮುಂದೆ ಅವರಿಗೆ ರಕ್ಷಣೆ ಕೊಟ್ಟನು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಹೆತ್ತವರೇ ಮಕ್ಕಳನ್ನು ಬಿಟ್ಟು ಓಡುವ ಹೊತ್ತು ಅದು. ವಾಜ್ ಗುರುಗಳು ತಮ್ಮ ಸೋದರಳಿಯ ಜೋಸೆಫ್ ಕಾರ್ವಾಲೊ ಗುರುಗಳ ಜೊತೆ ಊರಲ್ಲೇ ನಿಂತರು. ರೋಗಿಗಳ ಜಾತಿ ಮತ ಕೇಳದೆ ಕೀವು ಒರೆಸಿದರು, ಸತ್ತವರನ್ನು ಮಣ್ಣು ಮಾಡಿದರು.

1705ರಲ್ಲಿ ಬಿಷಪ್ ಪದವಿ ಹುಡುಕಿಕೊಂಡು ಬಂದರೂ ಬೇಡವೆಂದರು. ಮತ್ತೆ ಗೋವೆ ನೋಡಲೇ ಇಲ್ಲ. 1711ರ ಜನವರಿ 16ರಂದು, 59ನೇ ವಯಸ್ಸಿನಲ್ಲಿ, ಕ್ಯಾಂಡಿಯಲ್ಲೇ ದೈವಾಧೀನರಾದರು.

1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಇವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ಊರಿನಲ್ಲಿ ಜಗದ್ಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದರು.

ಯಾತ್ರಿಕರೇ, ಮನೆಗೆ ಹೋದ ಮೇಲೂ ಜಾಫ್ನಾದ ಆ ಮನೆಗಳನ್ನು ನೆನೆಯಿರಿ. ಅವರಿಗೆ ಚರ್ಚಿನ ಗಂಟೆ ಕೇಳಿಸುತ್ತಿರಲಿಲ್ಲ, ಧೈರ್ಯ ಹೇಳಲು ಗುರುಗಳಿರಲಿಲ್ಲ. ಇದ್ದದ್ದು ಬಾಗಿಲು ಮುಚ್ಚಿ ಮಾಡುವ ಜಪ, ಮಕ್ಕಳಿಗೆ ಬಾಯಲ್ಲೇ ಕಲಿಸುವ ಪ್ರಾರ್ಥನೆ, ಅಷ್ಟೇ. ಅದನ್ನು ಕೈಬಿಡದೆ ಇದ್ದದ್ದರಿಂದಲೇ ಬಾಗಿಲಿಗೆ ಬಂದ ಭಿಕ್ಷುಕ ಯಾರೆಂದು ಅವರಿಗೆ ಗುರುತು ಸಿಕ್ಕಿತು.

ಪ್ರಾರ್ಥನೆ

ಯೇಸುಸ್ವಾಮಿಯೇ, ನಿಮ್ಮ ದಾಸ ಸಂತ ಜೋಸೆಫ್ ವಾಜರಿಗೆ ಕಾಡಿನಲ್ಲೂ ಸೆರೆಯಲ್ಲೂ ಜೊತೆಯಾಗಿದ್ದಿರಿ. ನಾವು ಕೇಳಿದ್ದು ಸಿಗದ ದಿನಗಳಲ್ಲೂ ನಿಮ್ಮ ಕೈ ಬಿಡದಂತೆ ನಮ್ಮನ್ನು ಕಾಪಾಡಿರಿ. ಆಮೆನ್.