ಮಕ್ಕಳಿಗೆ ಧೈರ್ಯವನ್ನು ಕಲಿಸಿದ ತಂದೆ: ಕುದ್ಮುಲ್ ರಂಗರಾಯರು

ಮೇಲು ಕೀಳೆಂಬ ಭೇದವನ್ನು ತಿಳಿದುಕೊಂಡು ಯಾವ ಮಗುವೂ ಹುಟ್ಟುವದಿಲ್ಲ. ಯಾರ ಕೊಡದ ನೀರನ್ನು ಕುಡಿಯಬಾರದು, ಯಾರ ಪಂಕ್ತಿಯಲ್ಲಿ ಕೂತುಕೊಳ್ಳಬಾರದು ಎಂಬದನ್ನು ಅದು ತನ್ನ ಮನೆಯಲ್ಲಿಯೇ ಕಲಿಯುತ್ತದೆ. ಹಾಗಾದರೆ ಆ ಭೇದವನ್ನು ಬಿಟ್ಟುಬಿಡುವ ಧೈರ್ಯವನ್ನು ಸಹ ಮನೆಯಲ್ಲಿಯೇ ಕಲಿಯಬೇಕಲ್ಲವೇ? ಅಂಥ ಧೈರ್ಯವನ್ನು ಮಾತಿನಿಂದಲ್ಲ, ನಡತೆಯಿಂದ ಕಲಿಸಿದ ಒಬ್ಬ ತಂದೆಯ ಚರಿತ್ರೆಯನ್ನು ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ನಮ್ಮ ಸಭೆಗಳವರ ಮುಂದೆ ಇಡುತ್ತೇವೆ.

ಕುದ್ಮುಲ್ ರಂಗರಾಯರು 1859ನೆಯ ಇಸವಿಯ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳಕೊಂಡು ಮಂಗಳೂರಿಗೆ ಬಂದು, ಅಲ್ಪ ಸಂಬಳದ ಉಪಾಧ್ಯಾಯರಾಗಿ ದುಡಿಯುತ್ತಾ ಓದಿ, ಕಡೆಗೆ ವಕೀಲರಾದರು. ಬಡವರ ವ್ಯಾಜ್ಯಗಳನ್ನು ಮನಃಪೂರ್ವಕವಾಗಿ ನಡಿಸಿದರು. ಅವರು ನಮ್ಮ ಸಭೆಗೆ ಸೇರಿದವರಲ್ಲ, ಬ್ರಹ್ಮಸಮಾಜದವರು. ಆದರೆ ನೆರೆಯವನು ಯಾರೆಂದು ತೋರಿಸುವದಕ್ಕಾಗಿ ನಮ್ಮ ಕರ್ತನು ಸಮಾರ್ಯದವನೊಬ್ಬನನ್ನು ಮಾದರಿಯಾಗಿ ಇಟ್ಟದ್ದನ್ನು ನಾವು ಮರೆಯಬಾರದು.

ಆ ಕಾಲದಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗೋಸ್ಕರ ಒಂದು ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಓದು ಬರಹದ ಸಂಗಡ ನೇಯ್ಗೆ ಮೊದಲಾದ ಕೈಗೆಲಸಗಳನ್ನೂ ಕಲಿಸಿದರು. ಇದರಿಂದ ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ತಂದೆಗೆ ಬಂದ ಅಪಮಾನವು ಮನೆಯವರಿಗೂ ತಗಲದೆ ಇರುವದೇ? ಆದರೂ ಅವರು ಹಿಂಜರಿಯಲಿಲ್ಲ. ಆ ಮಕ್ಕಳಲ್ಲಿ ಒಬ್ಬನು ಓದಿ ದೊಡ್ಡ ಹುದ್ದೆಗೆ ಏರಿ ವಾಹನದಲ್ಲಿ ಹೋಗುವಾಗ, ಅದರ ಧೂಳು ತನ್ನ ತಲೆಯ ಮೇಲೆ ಬಿದ್ದರೆ ತನ್ನ ಜನ್ಮವು ಸಾರ್ಥಕವಾಯಿತೆಂದು ಅವರು ಎಣಿಸುತ್ತಿದ್ದರು.

ಪರರ ಮಕ್ಕಳ ವಿಷಯದಲ್ಲಿ ಉದಾರವಾಗಿ ಮಾತಾಡುವದು ಸುಲಭ. ಸ್ವಂತ ಮನೆಯಲ್ಲಿ ಮದುವೆಯ ಮಾತು ಬಂದಾಗಲೇ ಮನುಷ್ಯನ ನಿಜಸ್ಥಿತಿಯು ಹೊರಬೀಳುತ್ತದೆ. ರಂಗರಾಯರ ಮಗಳು ರಾಧಾಬಾಯಿ ಉನ್ನತ ವಿದ್ಯೆಯನ್ನು ಪಡೆದು, 1912ರಲ್ಲಿ ಬ್ರಾಹ್ಮಣೇತರರಾದ ಸುಬ್ಬರಾಯನ್ ಎಂಬವರನ್ನು ಮದುವೆಯಾದರು. ಅದು ಜಾತಿಯ ಗೋಡೆಯನ್ನು ದಾಟಿದ ಮದುವೆ. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪರವಾಗಿ ಕೂತುಕೊಂಡ ಇಬ್ಬರಲ್ಲಿ ಈಕೆಯೂ ಒಬ್ಬರು. ಜನರ ನಿಂದೆಗೆ ಅಂಜದ ತಂದೆಯ ಮನೆಯಲ್ಲಿ ಬೆಳೆದ ಮಗಳು ದೊಡ್ಡವರ ಸಭೆಗೆ ಅಂಜುವಳೇ?

1928ನೆಯ ಇಸವಿಯ ಜನವರಿ 30ರಂದು ರಂಗರಾಯರು ತೀರಿಕೊಂಡರು. ತನ್ನ ಅಂತ್ಯಕ್ರಿಯೆಯನ್ನು ಊರಿನ ಕಸ ಬಳಿಯುವ ತೋಟಿಗಳೇ ನಡಿಸಬೇಕೆಂದು ಅವರು ಮೊದಲೇ ತಿಳಿಸಿದ್ದರು. ಅವರು ಮಕ್ಕಳಿಗೆ ಕೊಟ್ಟ ಕಡೆಯ ಪಾಠವು ಇದೇ.

ಪ್ರಿಯರೇ, ನಾವು ಇದನ್ನು ಓದಿ ಹೊಗಳಿದರೆ ಸಾಲದು. ಕರ್ತನ ಮೇಜಿನ ಬಳಿಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗಿ, ಮನೆಗೆ ಹೋದ ಮೇಲೆ ಆ ಕೇರಿಯವರು ಈ ಕೇರಿಯವರು ಎಂದು ಹೆಣ್ಣು ಗಂಡಿನ ಮಾತನ್ನು ಮುರಿಯುವವರು ನಮ್ಮಲ್ಲಿ ಇಲ್ಲವೇ? ನಮ್ಮ ಹಿರಿಯರು ಪರರಿಂದ ತಿರಸ್ಕಾರವನ್ನು ಅನುಭವಿಸಿದವರು. ಅದೇ ತಿರಸ್ಕಾರವನ್ನು ನಮಗಿಂತ ಕೆಳಗಿನವರೆಂದು ಎಣಿಸುವವರಿಗೆ ನಾವು ಮಾಡಿದರೆ ಮಕ್ಕಳು ಮೌನವಾಗಿ ನೋಡಿ ಅದನ್ನೇ ಕಲಿಯುವರು. ಭಾನುವಾರದ ಪ್ರಸಂಗಕ್ಕಿಂತ ಸೋಮವಾರದ ನಡತೆಯು ಅವರ ಮನಸ್ಸಿನಲ್ಲಿ ಆಳವಾಗಿ ಊರುತ್ತದೆ. ಆದುದರಿಂದ ಈ ವಾರವೇ ನಾವು ದೂರವಿಟ್ಟಿರುವ ಒಂದು ಮನೆಗೆ ಮಕ್ಕಳನ್ನು ಕರಕೊಂಡು ಹೋಗಿ, ಅಲ್ಲಿ ಕೂತು ಊಟಮಾಡೋಣ. ಅದಕ್ಕೆ ಬೇಕಾದ ಧೈರ್ಯವನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.