ಶಿರಾದ ವೈಭವ ಕಟ್ಟಿದ ಸುಬೇದಾರ ದಿಲಾವರ್ ಖಾನ್

ಶಿರಾ: ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನಿತ್ಯ ವಾಯುವಿಹಾರ ಮಾಡುವವರಲ್ಲಿ ಶಿರಾ ಪಟ್ಟಣವನ್ನು ನೆನೆಯುವವರು ವಿರಳ. ಆ ಉದ್ಯಾನಕ್ಕೆ ಶಿರಾದ ಖಾನ್‌ಬಾಗ್ ತೋಟವೇ ಪ್ರೇರಣೆ ಇರಬಹುದೆಂದು ಇತಿಹಾಸಕಾರರು ಊಹಿಸುತ್ತಾರೆ. ಖಾನ್‌ಬಾಗ್ ಜತೆಗೆ ಹೆಸರಿಸಬೇಕಾದ ವ್ಯಕ್ತಿ, 18ನೇ ಶತಮಾನದಲ್ಲಿ ಶಿರಾವನ್ನು ಆಳಿದ ದಿಲಾವರ್ ಖಾನ್.

ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ ಅಡಿಪಾಯ ಹಾಕಿದ ಈ ಊರು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ವಶವಾಯಿತು. 1687ರಲ್ಲಿ ಮೊಘಲರ ಪಾಲಾಗಿ, ತುಂಗಭದ್ರೆಯ ದಕ್ಷಿಣದ ಸುಬಾಕ್ಕೆ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಹಾಗೂ ಶಿರಾ ಎಂಬ 7 ಪರಗಣಗಳು ಇದಕ್ಕೆ ಸೇರಿದ್ದವು. ಚಿತ್ರದುರ್ಗ, ಬಿದನೂರು, ಮೈಸೂರು ಮುಂತಾದ ಸಂಸ್ಥಾನಗಳು ಕಪ್ಪ ಸಲ್ಲಿಸಬೇಕಿತ್ತು.

ದಿಲಾವರ್ ಖಾನ್ 1726ರಲ್ಲಿ ಸುಬೇದಾರನಾದಾಗ ಔರಂಗಜೇಬ ತೀರಿಕೊಂಡು 19 ವರ್ಷಗಳಾಗಿದ್ದವು. ದೆಹಲಿಯ ಹಿಡಿತ ಸಡಿಲಗೊಂಡಿತ್ತು, ಹೈದರಾಬಾದಿನಲ್ಲಿ ನಿಜಾಮ ಸ್ವತಂತ್ರನಂತೆ ಆಳುತ್ತಿದ್ದ. ಆತನಿಗಿಂತ ಮುಂಚಿನ ಹಲವು ಸುಬೇದಾರರು ಅಲ್ಪಕಾಲದಲ್ಲೇ ಬದಲಾಗಿದ್ದರು. ಆದರೆ ಆತ 1756ರವರೆಗೆ, ಅಂದರೆ 3 ದಶಕಗಳ ಕಾಲ ಅಧಿಕಾರದಲ್ಲಿ ಉಳಿದ. ಈ ಸ್ಥಿರತೆಯೇ ಶಿರಾದ ಏಳಿಗೆಗೆ ದಾರಿ ಮಾಡಿಕೊಟ್ಟಿತು.

ಆತ ಕಟ್ಟಿಸಿದ ಅರಮನೆಯ ಸೊಬಗು ಎಷ್ಟಿತ್ತೆಂದರೆ, ಮುಂದೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತು. ಉಚ್ಛ್ರಾಯ ಕಾಲದಲ್ಲಿ ನಗರದಲ್ಲಿ 50 ಸಾವಿರ ಮನೆಗಳಿದ್ದವೆಂಬ ಪ್ರತೀತಿ ಇದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ, ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯಲ್ಲಿ ದೊಡ್ಡ ನಗರವೊಂದು ಬೆಳೆದಿತ್ತೆಂಬುದು ಸತ್ಯ.

ಆದರೆ ಆ ವೈಭವಕ್ಕೆ ಬೆನ್ನೆಲುಬಾಗಿದ್ದ ಮೊಘಲ್ ಸಾಮ್ರಾಜ್ಯವೇ ಕುಸಿಯುತ್ತಿತ್ತು. 1757ರಲ್ಲಿ ಮರಾಠರು ಶಿರಾವನ್ನು ವಶಪಡಿಸಿಕೊಂಡರು, 1759ರಲ್ಲಿ ಹಿಂದಿರುಗಿಸಿದರು. 1761ರಲ್ಲಿ ಬಸಾಲತ್ ಜಂಗ್‌ನಿಂದ ಶಿರಾದ ನವಾಬ ಎಂಬ ಪದವಿ ಪಡೆದ ಹೈದರ್ ಅಲಿ ಊರನ್ನೂ ಕೈವಶ ಮಾಡಿಕೊಂಡ. 1766ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಅದನ್ನು ಕಸಿದುಕೊಂಡಿತು, 1774ರಲ್ಲಿ ಟಿಪ್ಪು ಮರಳಿ ಗೆದ್ದ. 17 ವರ್ಷಗಳಲ್ಲಿ ಶಿರಾ 5 ಬಾರಿ ಕೈ ಬದಲಾಯಿಸಿತ್ತು.

ಮುತ್ತಿಗೆಗಳಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಅನಂತರ. ಶ್ರೀರಂಗಪಟ್ಟಣ ದ್ವೀಪದ ಗಂಜಾಂ ಎಂಬ ಹೊಸ ಬಡಾವಣೆಗೆ ಜನವಸತಿ ಬೇಕಾದಾಗ ಟಿಪ್ಪು, ಶಿರಾದಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಎನ್ನಲಾಗಿದೆ. ಇಷ್ಟು ಮನೆಗಳು ಒಮ್ಮೆಗೇ ಬರಿದಾದರೆ ಊರೆಂಬುದು ಉಳಿಯುವುದಾದರೂ ಹೇಗೆ? ಶಿರಾ ಮತ್ತೆ ಆ ಎತ್ತರಕ್ಕೆ ಏರಲಿಲ್ಲ.

1651ರ ಮಲಿಕ್ ರಿಹಾನ್ ಗೋರಿ, 1696ರ ಜಾಮಿಯಾ ಮಸೀದಿ ಮತ್ತು ಕೋಟೆಯ ಅವಶೇಷಗಳು ಶಿರಾದಲ್ಲಿ ಇಂದಿಗೂ ಇವೆ. ಕಲ್ಲಿನಲ್ಲಿ ಕಟ್ಟಿದ್ದು ಬಾಳಿತು. ಬಾಳಿಕೆ ಬಾರದ ಸಾಮಗ್ರಿಯಿಂದ ಕಟ್ಟಿದ ದಿಲಾವರ್ ಖಾನನ ಅರಮನೆ ನಾಶವಾಯಿತು. ಆತನ ನಗರಿಯ ಮನೆಮಂದಿ ಗಂಜಾಂ ಸೇರಿದರು, ಅರಮನೆಯ ಶೈಲಿ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸೇರಿತು. ಪುಣೆ ಹೆದ್ದಾರಿಯಲ್ಲಿ ಶಿರಾ ದಾಟಿ ಹೋಗುವ ಪ್ರಯಾಣಿಕರಿಗೆ ಮಾತ್ರ ಆತನ ಹೆಸರು ಅಪರಿಚಿತವಾಗಿಯೇ ಉಳಿದಿದೆ.